ಮೊಳದುದ್ದದ ಮರಿ ತರುವ ಮುನ್ನ

ಅಮೆರಿಕದ ಊರುಗಳಲ್ಲಿ ವಾರಾಂತ್ಯಕ್ಕೆ ನಡೆಯುವ ಸರೀಸೃಪ ಮೇಳಗಳಲ್ಲಿ ಮೇಜಿನುದ್ದಕ್ಕೂ ಪ್ಲಾಸ್ಟಿಕ್ ಡಬ್ಬಿಗಳು ಸಾಲುಗಟ್ಟಿರುತ್ತವೆ. ಒಂದೊಂದರಲ್ಲೂ ಒಂದು ಹಾವಿನ ಮರಿ ಸುರುಳಿ ಸುತ್ತಿ ಮಲಗಿರುತ್ತದೆ. ಅವುಗಳ ನಡುವೆ ಬರ್ಮಾ ಹೆಬ್ಬಾವಿನ ಮರಿಯೂ ಸಿಗುವುದುಂಟು. ಮೊಳಕ್ಕಿಂತ ತುಸು ಉದ್ದ, ಹೆಬ್ಬೆರಳಿನಷ್ಟು ದಪ್ಪ, ಕಂದು ಮಚ್ಚೆಯ ನುಣುಪು ಮೈ. ಅದೇ ಮರಿ ವರ್ಷ ತುಂಬುವಷ್ಟರಲ್ಲಿ ಐದಾರು ಅಡಿ ಮುಟ್ಟಬಲ್ಲದು. ಹೆಣ್ಣಾದರೆ ನಾಲ್ಕೈದು ವರ್ಷಕ್ಕೆ 12ರಿಂದ 16 ಅಡಿ, ತೂಕ 40 ಕಿಲೋಗೂ ಮೇಲೆ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಬಾಳುತ್ತದೆ. ಹತ್ತು ವರ್ಷದ ಮಗ ಹಟ ಹಿಡಿದು ತರಿಸಿಕೊಂಡರೆ, ಅವನು ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಹಾವು ಅಪ್ಪ-ಅಮ್ಮನ ಮನೆಯಲ್ಲೇ ಇರುತ್ತದೆ. ಹಾಗಾಗಿ ಸಿದ್ಧತೆಯ ಲೆಕ್ಕ ಡಬ್ಬಿಯಲ್ಲಿರುವ ಮರಿಯಿಂದಲ್ಲ, ಐದನೇ ವರ್ಷದ ಹಾವಿನಿಂದ ಶುರುವಾಗಬೇಕು.

ಕರ್ನಾಟಕದ ಓದುಗರಿಗೆ ಮೊದಲೇ ಒಂದು ಮಾತು. ನಮ್ಮ ಕಾಡು, ಗದ್ದೆ, ಕೆರೆಯಂಚಿನಲ್ಲಿ ಕಾಣಸಿಗುವ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದನ್ನು ಹಿಡಿದು ಮನೆಯಲ್ಲಿಟ್ಟುಕೊಂಡರೆ ಮೂರರಿಂದ ಏಳು ವರ್ಷ ಜೈಲು. ಹೊರದೇಶದ ತಳಿಗಳಿಗೂ 2024ರ ನಿಯಮದ ಪ್ರಕಾರ ನೋಂದಣಿ ಕಡ್ಡಾಯ. ನಿಯಮ ಹೀಗಿದ್ದರೂ ಕಳ್ಳದಾರಿಯ ವ್ಯಾಪಾರ ನಿಂತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದ ಸಾಮಾನಿನಲ್ಲಿ 55 ಬಾಲ್ ಪೈಥಾನ್ ಮತ್ತು 17 ಕಾಳಿಂಗ ಸರ್ಪಗಳು ಸಿಕ್ಕವು. ಜೊತೆಗಿದ್ದ ಆರು ಕಪುಚಿನ್ ಮಂಗಗಳು ಸತ್ತೇ ಹೋಗಿದ್ದವು. ಈ ಲೇಖನ ಕಾನೂನಿನ ದಾರಿ ಇರುವಲ್ಲಿ, ಅಂದರೆ ಮುಖ್ಯವಾಗಿ ಅಮೆರಿಕದಲ್ಲಿ, ದೊಡ್ಡ ಹಾವು ಸಾಕಲು ಹೊರಟವರ ಕುರಿತದ್ದು. ಮಕ್ಕಳ ಹಟಕ್ಕೆ ಸಿಕ್ಕಿಬಿದ್ದ ಅಲ್ಲಿನ ಕನ್ನಡದ ಮನೆಗಳಿಗೂ ಇದು ಬೇಕಾದೀತು.

ಮೊದಲು ಕಾಗದಪತ್ರ

ಅಮೆರಿಕದಲ್ಲೂ ಎಲ್ಲ ಕಡೆ ಒಂದೇ ಕಾನೂನಿಲ್ಲ. ಹವಾಯಿಯಲ್ಲಿ ಯಾವ ಹಾವನ್ನೂ ಸಾಕುವಂತಿಲ್ಲ. ನ್ಯೂಯಾರ್ಕ್ ನಗರದೊಳಗೆ ಹೆಬ್ಬಾವು ನಿಷಿದ್ಧ. ಟೆಕ್ಸಾಸಿನಲ್ಲಿ ರೆಟಿಕ್ಯುಲೇಟೆಡ್ ಪೈಥಾನ್, ಆಫ್ರಿಕನ್ ರಾಕ್ ಪೈಥಾನಿನಂಥ ದೊಡ್ಡ ಹಾವುಗಳಿಗೆ ರಾಜ್ಯದ ಪರವಾನಗಿ ಬೇಕು. ಬರ್ಮಾ ಹೆಬ್ಬಾವಿನ ಆಮದನ್ನು ಕೇಂದ್ರ ಸರ್ಕಾರ 2012ರಲ್ಲೇ ನಿಲ್ಲಿಸಿತು. ಮಾರಾಟಕ್ಕೆ ಸಿಗುವುದು ಅಲ್ಲೇ ಸಾಕಿ ಬೆಳೆಸಿದ ಮರಿಗಳು. ರಾಜ್ಯದ ಕಾನೂನು ನೋಡಿದ ಮೇಲೆ ಕೌಂಟಿಯದನ್ನೂ ನಗರದ್ದನ್ನೂ ನೋಡಬೇಕು. ಆಮೇಲೆ ಬಾಡಿಗೆ ಕರಾರು, ಮನೆ ವಿಮೆ. ದೊಡ್ಡ ಹಾವಿನಿಂದಾದ ಹಾನಿಯನ್ನು ವಿಮೆ ಒಪ್ಪುತ್ತದೆಯೇ ಎಂಬುದನ್ನು ಬಾಯಿಮಾತಿನಲ್ಲಲ್ಲ, ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳುವುದು ಜಾಣತನ.

ಫ್ಲೋರಿಡಾ 2021ರಿಂದ ಬರ್ಮಾ ಹೆಬ್ಬಾವನ್ನು ಪೂರ್ತಿ ನಿಷೇಧಿಸಿದೆ. ಕಾರಣ ಅಲ್ಲಿನ ಎವರ್‌ಗ್ಲೇಡ್ಸ್ ಜೌಗು ನಾಡು. ತಪ್ಪಿಸಿಕೊಂಡ ಹಾವು, ಸಾಕಲಾರದೆ ಜನ ಬಿಟ್ಟುಬಂದ ಹಾವು ಅಲ್ಲಿ ಸಂಸಾರ ಹೂಡಿದವು. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರಸ್ತೆಬದಿಯ ಸಮೀಕ್ಷೆಗಳಲ್ಲಿ ಕಾಣುತ್ತಿದ್ದ ರಕೂನ್‌ಗಳ ಸಂಖ್ಯೆ ಶೇ 99ರಷ್ಟು ಕುಸಿದಿತ್ತು. ಕೊನೆಗೆ 2017ರಲ್ಲಿ ಫ್ಲೋರಿಡಾದವರು ತಮಿಳುನಾಡಿನಿಂದ ಇರುಳ ಸಮುದಾಯದ ಹಾವು ಹಿಡಿಯುವವರನ್ನು ಕರೆಸಿಕೊಂಡರು. ಹಾಗೆ ಹೋದ ಮಾಸಿ ಸಡಯನ್ ಮತ್ತು ವಡಿವೇಲ್ ಗೋಪಾಲ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಇರುಳರ ಹಾವು ಹಿಡಿಯುವವರ ಸಹಕಾರ ಸಂಘಕ್ಕೆ ಬುನಾದಿ ಹಾಕಿದ್ದು, ಮುಂದೆ ನಮ್ಮ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ ರೊಮುಲಸ್ ವಿಟೇಕರ್. ಸಾಕಿದ ಹಾವನ್ನು ‘ಕಾಡಿಗೆ ಬಿಟ್ಟರಾಯಿತು’ ಎನ್ನುವುದು ಎಷ್ಟು ದುಬಾರಿ ಯೋಚನೆ ಎಂಬುದಕ್ಕೆ ಫ್ಲೋರಿಡಾಕ್ಕಿಂತ ಬೇರೆ ಪುರಾವೆ ಬೇಡ.

ಹಾವಿಗಿಂತ ಮೊದಲು ಗೂಡು

ಹೊಸಬರು ಸಾಮಾನ್ಯವಾಗಿ ಹಾವು ಕೊಂಡು ಬರುವ ದಾರಿಯಲ್ಲೇ ಮೀನಿನ ತೊಟ್ಟಿಯಂಥ ಗಾಜಿನ ಪೆಟ್ಟಿಗೆಯನ್ನೂ ಕೊಂಡು ತರುತ್ತಾರೆ. ಮರಿಗೆ ಅದು ಕೆಲವು ತಿಂಗಳು ನಡೆದೀತು. ಬೆಳೆದ ಬರ್ಮಾ ಹೆಬ್ಬಾವಿಗೆ ಕನಿಷ್ಠ ಎಂಟು ಅಡಿ ಉದ್ದ, ಮೂರು-ನಾಲ್ಕು ಅಡಿ ಅಗಲ, ಎರಡು ಅಡಿ ಎತ್ತರದ ಗೂಡು ಬೇಕು. ಹಾವು ಮೈ ಚಾಚಿ ಮಲಗುವಷ್ಟು ಜಾಗ ಕೊಟ್ಟರೆ ಇನ್ನೂ ಒಳ್ಳೆಯದು. ಅಂದರೆ ಒಂದು ಕೋಣೆಯ ಬಹುಪಾಲು ಅದಕ್ಕೇ ಹೋಗುತ್ತದೆ. ಈಗ ಹೆಚ್ಚಿನವರು ಬಳಸುವುದು ಗಟ್ಟಿ ಪಿವಿಸಿ ಹಲಗೆಯ ಗೂಡು. ನೀರಿಗೆ ಹಾಳಾಗದು, ಬಿಸಿ ಹಿಡಿದಿಡುತ್ತದೆ, ತೊಳೆಯುವುದು ಸುಲಭ. ಬಾಗಿಲು ಮುಂಭಾಗದಲ್ಲಿರಲಿ, ಮೇಲಿನಿಂದ ತೆರೆಯುವಂಥದು ಬೇಡ. ಮೇಲಿನಿಂದ ಇಳಿದು ಬರುವ ಕೈ ಹಾವಿನ ಕಣ್ಣಿಗೆ ಹದ್ದಿನಂತೆಯೇ ಕಾಣುತ್ತದೆ.

ಹಾವಿಗೆ ತನ್ನದೇ ಮೈಬಿಸಿ ಇಲ್ಲ. ಗೂಡಿನ ಒಂದು ತುದಿ 31–32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25–26 ಡಿಗ್ರಿ ಇದ್ದರೆ ಅದು ತನಗೆ ಬೇಕಾದ ಕಡೆ ಸರಿದುಕೊಳ್ಳುತ್ತದೆ. ಬಿಸಿ ಮಾಡುವ ಸಾಧನ ಯಾವುದೇ ಇರಲಿ, ಥರ್ಮೋಸ್ಟಾಟ್ ಇಲ್ಲದೆ ಪ್ಲಗ್ ಚುಚ್ಚಬಾರದು. ಬಲ್ಬ್ ಹಾಕಿದರೆ ಸುತ್ತ ತಂತಿ ಬಲೆ ಇರಲೇಬೇಕು. ಬೆಚ್ಚಗಿದೆ ಎಂದು ಹಾವು ಅದಕ್ಕೇ ಸುತ್ತಿಕೊಂಡು ಮೈ ಸುಟ್ಟುಕೊಳ್ಳುತ್ತದೆ. ಅಂಗಡಿಯವರು ಮಾರುವ ‘ಬಿಸಿ ಕಲ್ಲು’ಗಳಿಂದಾಗುವ ಗಾಯವೂ ಇಂಥದ್ದೇ, ಅದನ್ನು ಕೊಳ್ಳದಿರುವುದೇ ಮೇಲು. ತೇವಾಂಶ ಶೇ 50–60ರಷ್ಟು, ಪೊರೆ ಬಿಡುವ ಸಮಯದಲ್ಲಿ ಇನ್ನಷ್ಟು ಹೆಚ್ಚು. ಎರಡೂ ತುದಿಯಲ್ಲಿ ಅಡಗಿ ಕೂರಲು ಒಂದೊಂದು ಗುಹೆ, ಇಡೀ ಹಾವು ಮುಳುಗಿ ಕೂರುವಷ್ಟು ದೊಡ್ಡ ನೀರಿನ ತೊಟ್ಟಿ. ಕೆಳಗೆ ಹಾಸಲು ಹಳೆಯ ಪತ್ರಿಕೆ ಸಾಕು. ದೇವದಾರಿನ ಹೊಟ್ಟು ಮಾತ್ರ ಬೇಡ, ಅದರ ಎಣ್ಣೆ ಹಾವಿಗೆ ಆಗದು.

ಇಷ್ಟೂ ಜೋಡಿಸಿದ ಮೇಲೆ ಖಾಲಿ ಗೂಡನ್ನೇ ಒಂದು ವಾರ ಓಡಿಸಿ, ಹಗಲು-ರಾತ್ರಿ ಉಷ್ಣಾಂಶ ಬರೆದಿಟ್ಟು ನೋಡಬೇಕು. ಅದು ಸ್ಥಿರವಾದ ಮೇಲಷ್ಟೇ ಹಾವಿನ ಮಾತು.

ಬೀಗದ ವಿಷಯದಲ್ಲಿ ಉಳಿತಾಯ ಮಾಡಿದವರ ಕಥೆಗಳು ಕೋರ್ಟಿನಲ್ಲಿ ಮುಗಿದಿವೆ. 2009ರಲ್ಲಿ ಫ್ಲೋರಿಡಾದ ಸಮ್ಟರ್ ಕೌಂಟಿಯಲ್ಲಿ ಎಂಟೂವರೆ ಅಡಿಯ ಬರ್ಮಾ ಹೆಬ್ಬಾವು ರಾತ್ರಿ ಹೊರಬಂದು ಎರಡು ವರ್ಷದ ಮಗುವನ್ನು ಕೊಂದಿತು. ಅದನ್ನಿಟ್ಟಿದ್ದ ಗಾಜಿನ ತೊಟ್ಟಿಗೆ ಗಟ್ಟಿ ಮುಚ್ಚಳವಿರಲಿಲ್ಲ, ಮೇಲೆ ಹೊದಿಸಿದ್ದು ಒಂದು ರಜಾಯಿ. ಹಾವಿಗೆ ತಿಂಗಳಿಂದ ಹೊಟ್ಟೆಗೂ ಬಿದ್ದಿರಲಿಲ್ಲ. ಮಗುವಿನ ತಾಯಿಗೂ ಆಕೆಯ ಸಂಗಾತಿಗೂ ಜೈಲಾಯಿತು. 2013ರಲ್ಲಿ ಕೆನಡಾದ ಕ್ಯಾಂಪ್‌ಬೆಲ್ಟನ್‌ನಲ್ಲಿ ಹಾವಿನ ಕೋಣೆಗೇನೋ ಬಾಗಿಲಿತ್ತು; ಆಫ್ರಿಕನ್ ರಾಕ್ ಪೈಥಾನ್ ಗಾಳಿಕೊಳವೆಯ ದಾರಿ ಹಿಡಿದು ಮಲಗಿದ್ದ ಇಬ್ಬರು ಹುಡುಗರ ಮೇಲೆ ಬಿತ್ತು. ಹಾಗಾಗಿ ಗೂಡಿಗೊಂದು ಬೀಗ, ಕೋಣೆಗೊಂದು ಬೀಗ, ಬಾಗಿಲ ಕೆಳಗಿನ ಸಂದಿಗೆ ಪಟ್ಟಿ, ಗಾಳಿಕಿಂಡಿಗೆ ಸ್ಕ್ರೂ ಹಾಕಿ ಬಿಗಿದ ಗಟ್ಟಿ ಜಾಲರಿ. ಹಾವಿನ ತಲೆ ತೂರಿದಲ್ಲಿ ಮೈಯೂ ತೂರುತ್ತದೆ ಎಂದುಕೊಂಡೇ ಅಳತೆ ಮಾಡಬೇಕು. ಪುಟ್ಟ ಮಕ್ಕಳಿರುವ ಮನೆಯಾದರೆ, ಅವರು ದೊಡ್ಡವರಾಗುವವರೆಗೆ ಈ ಯೋಚನೆಯನ್ನೇ ಮುಂದೂಡುವುದು ಸರಿ.

ಊಟದ ವ್ಯವಸ್ಥೆ

ಈರುಳ್ಳಿ, ಬೆಳ್ಳುಳ್ಳಿಯನ್ನೂ ಒಳಗೆ ಬಿಡದ ಮನೆಯ ಫ್ರೀಜರಿನಲ್ಲಿ ಇಲಿ, ಮೊಲ ಇಡುವುದು ಸಾಧ್ಯವೇ ಎಂಬುದನ್ನು ಮನೆಮಂದಿ ಮೊದಲೇ ಕೂತು ತೀರ್ಮಾನಿಸಬೇಕು. ಈ ಹಾವಿಗೆ ಸಸ್ಯಾಹಾರವಿಲ್ಲ. ಮರಿಗೆ ವಾರಕ್ಕೊಂದು ಚಿಕ್ಕ ಇಲಿ ಸಾಕು. ಬೆಳೆದ ಹಾವಿಗೆ ಮೂರರಿಂದ ಆರು ವಾರಕ್ಕೊಮ್ಮೆ ಒಂದು ಮೊಲ. ಹಾವಿನ ಮೈಯ ಅತಿ ದಪ್ಪ ಭಾಗ ಎಷ್ಟಿದೆಯೋ ಸುಮಾರು ಅಷ್ಟೇ ದಪ್ಪದ ಬೇಟೆ ಎಂಬುದು ಸಾಕುವವರ ಅಂದಾಜು. ಹಿಮಗಟ್ಟಿಸಿದ್ದನ್ನು ಫ್ರಿಜ್ಜಿನಲ್ಲಿ ನಿಧಾನವಾಗಿ ಕರಗಿಸಿ, ಬಿಸಿನೀರಿನಲ್ಲಿ ಬೆಚ್ಚಗಾಗಿಸಿ, ಉದ್ದ ಇಕ್ಕುಳದಲ್ಲಿ ಹಿಡಿದು ಕೊಡಬೇಕು. ಜೀವಂತ ಇಲಿ ಬಿಟ್ಟರೆ ಹಾವಿಗೇ ಕಚ್ಚಿ ಗಾಯ ಮಾಡುತ್ತದೆ. ಸಾಲ್ಮೊನೆಲ್ಲಾ ಸೋಂಕು ಹಾವಿನಿಂದಷ್ಟೇ ಅಲ್ಲ, ಹಿಮಗಟ್ಟಿದ ಇಲಿಯಿಂದಲೂ ಬರುತ್ತದೆ. ಬೇರೆಯೇ ಫ್ರೀಜರ್ ಇದ್ದರೆ ಮನೆಯ ಜಗಳವೂ ತಪ್ಪೀತು, ಸೋಂಕೂ ತಪ್ಪೀತು. ಗೂಡಿನ ಪಾತ್ರೆಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು.

ತಿಂದ ಮೇಲೆ ಹಾವಿನೊಳಗೆ ನಡೆಯುವುದು ಬೆರಗಿನ ಸಂಗತಿ. ಬರ್ಮಾ ಹೆಬ್ಬಾವಿನ ಮೇಲೇ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೊಡ್ಡ ಊಟವಾಗಿ ಎರಡು ದಿನಗಳೊಳಗೆ ಅದರ ಹೃದಯದ ಸ್ನಾಯು ಶೇ 40ರಷ್ಟು ಬೆಳೆದಿತ್ತು. ಕರುಳು, ಪಿತ್ತಜನಕಾಂಗ, ಮೂತ್ರಪಿಂಡಗಳೂ ಹಿಗ್ಗುತ್ತವೆ. ಜೀರ್ಣವಾದ ಮೇಲೆ ಮತ್ತೆ ಕುಗ್ಗುತ್ತವೆ. ಇಂಥ ಹೊತ್ತಿನಲ್ಲಿ ಹಾವನ್ನು ಎತ್ತಿ ಆಡಿಸಿದರೆ ತಿಂದದ್ದನ್ನು ಕಕ್ಕಿಬಿಡುತ್ತದೆ. ಊಟವಾದ ಎರಡು ದಿನ ಅದನ್ನು ಮುಟ್ಟಲೇಬಾರದು. ದೊಡ್ಡ ಊಟವಾದರೆ ಹೊಟ್ಟೆಯ ಉಬ್ಬು ಇಳಿಯುವ ತನಕ. ಬೇಗ ಬೆಳೆಯಲಿ ಎಂದು ಪದೇಪದೇ ತಿನ್ನಿಸುವವರೂ ಇದ್ದಾರೆ. ಕಾಡಿನಲ್ಲಿ ತಿಂಗಳುಗಟ್ಟಲೆ ಉಪವಾಸ ಇರಬಲ್ಲ ಪ್ರಾಣಿಗೆ ಅದರಿಂದ ಸಿಗುವುದು ಬೊಜ್ಜು ಮಾತ್ರ.

ಕೈಗೆತ್ತಿಕೊಳ್ಳುವ ಕ್ರಮ

ಈ ಹಾವುಗಳ ತುಟಿಯಂಚಿನಲ್ಲಿ ಬಿಸಿ ಗುರುತಿಸುವ ಕುಳಿಗಳಿವೆ. ಬೆಚ್ಚಗಿನದೇನೋ ಹತ್ತಿರ ಬಂತು, ಮೊಲದ ವಾಸನೆಯೂ ಇದೆ ಎಂದರೆ ಅದು ಯಜಮಾನನ ಕೈಯೋ ಊಟವೋ ಎಂದು ವಿಚಾರಿಸುತ್ತ ಕೂರುವುದಿಲ್ಲ. ಅದಕ್ಕೇ ಅನುಭವಿಗಳು ಗೂಡು ತೆರೆದ ಕೂಡಲೇ ಹಾವು ಹಿಡಿಯುವ ಹುಕ್ಕಿನಿಂದ ಅದರ ಮೈಯನ್ನು ಮೆಲ್ಲಗೆ ತಟ್ಟುತ್ತಾರೆ. ತಟ್ಟಿದರೆ ಊಟವಿಲ್ಲ ಎಂಬುದು ದಿನ ಕಳೆದಂತೆ ಹಾವಿಗೆ ರೂಢಿಯಾಗುತ್ತದೆ. ಮರಿಯಿದ್ದಾಗಲೇ ಈ ಅಭ್ಯಾಸ ಶುರುವಾಗಬೇಕು.

ಎಂಟು ಅಡಿ ದಾಟಿದ ಹಾವಿನ ಗೂಡನ್ನು ಒಬ್ಬರೇ ತೆರೆಯಬಾರದು; ಊಟದ ದಿನವಂತೂ ಬೇಡವೇ ಬೇಡ. 2017ರಲ್ಲಿ ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ, ಹಾವು ಸಾಕುವುದರಲ್ಲಿ ಪಳಗಿದ್ದ 31 ವರ್ಷದ ಯುವಕನೊಬ್ಬ ತನ್ನ ಕೋಣೆಯಲ್ಲಿ ಸತ್ತುಬಿದ್ದಿದ್ದ. ಪಕ್ಕದಲ್ಲಿ ಸಿಕ್ಕಿದ್ದು ಅವನೇ ಸಾಕಿದ್ದ ಎಂಟು ಅಡಿಯ ರಾಕ್ ಪೈಥಾನ್. ಸಾವಿಗೆ ಹಾವೇ ಕಾರಣ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಹೆಬ್ಬಾವು ಮೂಳೆ ಮುರಿದು ಕೊಲ್ಲುತ್ತದೆ ಎಂಬ ನಂಬಿಕೆ ತಪ್ಪು. ಬಿಗಿತಕ್ಕೆ ರಕ್ತಸಂಚಾರ ನಿಲ್ಲುತ್ತದೆ, ಅದೂ ಬಹಳ ಬೇಗ. ಸುತ್ತಿಕೊಂಡರೆ ಬಾಲದ ತುದಿಯಿಂದ ಬಿಡಿಸುತ್ತ ಬರಬೇಕು, ಅದಕ್ಕೇ ಜೊತೆಗೊಬ್ಬರು. ಕಚ್ಚಿ ಹಿಡಿದರೆ ಕೈ ಎಳೆದುಕೊಳ್ಳಬಾರದು. ಹಲ್ಲುಗಳು ಹಿಂದಕ್ಕೆ ಬಾಗಿರುವುದರಿಂದ ಮಾಂಸ ಹರಿಯುತ್ತದೆ. ತಣ್ಣೀರನ್ನೋ ಸ್ವಲ್ಪ ಆಲ್ಕೋಹಾಲನ್ನೋ ಹಾವಿನ ಬಾಯಿಗೆ ಸುರಿದರೆ ಸಾಮಾನ್ಯವಾಗಿ ಬಿಡುತ್ತದೆ. ಇವೆರಡೂ ಕೋಣೆಯೊಳಗೇ, ಕೈಗೆ ಸಿಗುವಂತಿರಲಿ.

ಮರಿಯನ್ನು ಆರಿಸುವಾಗ ಎದುರಿನಲ್ಲೇ ಊಟ ಮಾಡಿಸಿ ತೋರಿಸಲು ಕೇಳಬೇಕು. ಉಸಿರಾಡುವಾಗ ಗೊರಗೊರ ಸದ್ದು, ಬಾಯಂಚಿನಲ್ಲಿ ಲೋಳೆ, ಹುರುಪೆಗಳ ಸಂದಿಯಲ್ಲಿ ಓಡಾಡುವ ಕಪ್ಪು ನುಸಿ ಕಂಡರೆ ಹಾಗೇ ಹಿಂದಿರುಗುವುದು ಲೇಸು. ಮನೆಯಲ್ಲಿ ಬೇರೆ ಹಾವುಗಳಿದ್ದರೆ ಹೊಸದನ್ನು ಎರಡು-ಮೂರು ತಿಂಗಳು ಬೇರೆ ಕೋಣೆಯಲ್ಲಿಡಬೇಕು. ನಾಯಿ-ಬೆಕ್ಕಿನ ಡಾಕ್ಟರೆಲ್ಲರೂ ಹಾವು ನೋಡುವುದಿಲ್ಲ. ನೋಡುವವರು ಎಷ್ಟು ಮೈಲಿ ದೂರದಲ್ಲಿದ್ದಾರೆ ಎಂಬುದು ಖರೀದಿಗೆ ಮೊದಲೇ ಗೊತ್ತಿರಲಿ.

ಉಳಿದದ್ದು ರಜೆಯ ಪ್ರಶ್ನೆ. ಬೇಸಿಗೆಗೆ ಊರಿಗೆ ಬಂದು ಐದಾರು ವಾರ ಇರುವ ಕುಟುಂಬದ ಹಾವಿಗೆ ಅಷ್ಟು ದಿನ ಊಟವಿಲ್ಲದಿದ್ದರೂ ನಡೆಯುತ್ತದೆ, ಶುದ್ಧ ನೀರು ಮತ್ತು ಬಿಸಿ ಇಲ್ಲದೆ ನಡೆಯದು. ದಿನಕ್ಕೊಮ್ಮೆ ಬಂದು ಥರ್ಮೋಸ್ಟಾಟ್ ನೋಡಿ, ನೀರು ಬದಲಿಸಿ ಹೋಗುವ ಇಬ್ಬರು ಗೊತ್ತಿರಬೇಕು. ಗೂಡು ತೆರೆಯಬೇಕಾದಾಗ ಇಬ್ಬರೂ ಒಟ್ಟಿಗೇ ಬರಬೇಕು. ಡಾಕ್ಟರ ನಂಬರು, ಉಷ್ಣಾಂಶದ ಪಟ್ಟಿ, ಕೊನೆಯ ಊಟದ ದಿನಾಂಕವನ್ನು ಗೂಡಿನ ಬಾಗಿಲಿಗೇ ಅಂಟಿಸಿಡಬಹುದು. ಕೆಲಸ ಬಿಟ್ಟು ಕಾಯಂ ಆಗಿ ಭಾರತಕ್ಕೆ ಮರಳುವವರಿಗೆ ಇನ್ನೊಂದು ಕಟ್ಟು: ಸಾಮಾನಿನ ಜೊತೆ ಸಾಕುಪ್ರಾಣಿ ತರಲು ಇಲ್ಲಿ ಅವಕಾಶವಿರುವುದು ನಾಯಿಗೆ, ಬೆಕ್ಕಿಗೆ ಮಾತ್ರ. ಹದಿನಾಲ್ಕು ಅಡಿಯ ಹಾವಿಗೆ ಹೊಸ ಮನೆ ಸಿಗಲು ತಿಂಗಳುಗಳೇ ಹಿಡಿಯಬಹುದು. ಹತ್ತಿರದ ಸರೀಸೃಪ ಪುನರ್ವಸತಿ ಕೇಂದ್ರ ಯಾವುದು, ಅಷ್ಟು ದೊಡ್ಡ ಹಾವನ್ನು ಅದು ತೆಗೆದುಕೊಳ್ಳುತ್ತದೆಯೇ ಎಂದು ಫೋನ್ ಮಾಡಿ ಕೇಳುವ ಕೆಲಸವೂ ಮರಿ ಕೊಳ್ಳುವುದಕ್ಕೆ ಮೊದಲಿನ ಪಟ್ಟಿಯಲ್ಲೇ ಸೇರಬೇಕು.