ಕರಪತ್ರದ ಕೊನೇ ಸಾಲು

2018ರ ಆಗಸ್ಟ್‌ನಲ್ಲಿ ಚಿತ್ರದುರ್ಗ ನಗರಸಭೆಯ 35 ವಾರ್ಡುಗಳಿಗೆ ಚುನಾವಣೆ ಬಂತು. ನಮ್ಮ ವಾರ್ಡು ಮಹಿಳೆಗೆ ಮೀಸಲು. ಬಿ ಫಾರಂ ಕೇಳಿಕೊಂಡು ಯಾರ ಮನೆ ಬಾಗಿಲಿಗೂ ಹೋಗದೆ ಪಕ್ಷೇತರಳಾಗಿ ನಾಮಪತ್ರ ಹಾಕಿದೆ. ಇಪ್ಪತ್ತೆರಡು ವರ್ಷ ಗಣಿತ ಪಾಠ ಮಾಡಿದವಳು, ಅರ್ಧ ವಾರ್ಡಿಗೆ ಟೀಚರಮ್ಮ. ಅದೊಂದೇ ಬಂಡವಾಳ.

ಕರಪತ್ರದಲ್ಲಿ ಎಲ್ಲ ಬರೆದಿದ್ದೆ: ಓದಿದ್ದು, ದುಡಿದದ್ದು, ಇರುವ ಆಸ್ತಿ, ಮೇಲೆ ಕೇಸಿಲ್ಲವೆಂಬುದು. ಕೆಳಗೆ ಏಳು ಭರವಸೆ. ಮೊದಲನೆಯದು ದಿನಾ ನಲ್ಲಿ ನೀರು. ಕೊನೆಯದನ್ನು ಜಾಗ ಉಳಿದಿತ್ತೆಂದು ಸೇರಿಸಿದ್ದೆ: ಮೋರಿಯ ಹೂಳು ತೆಗೆದ ದಿನವೇ ಸಾಗಿಸುವುದು. ಹೂಳೆತ್ತಿ ಪಕ್ಕದಲ್ಲೇ ಗುಡ್ಡೆ ಹಾಕುವುದು, ಮಳೆ ಬಂದಾಗ ಅದು ತಿರುಗಿ ಮೋರಿ ಸೇರುವುದು ಯಾವ ಊರಲ್ಲಿ ಇಲ್ಲ ಹೇಳಿ!

ಮೊದಲ ದಿನವೇ ಗೊತ್ತಾಯಿತು, ಆ ಹಾಳೆಯನ್ನು ಯಾರೂ ಓದುತ್ತಿಲ್ಲ. "ಯಾರ ಪೈಕಿ ನೀವು?" ಅಂತ ಕೆಲವರು. "ಪಿಂಚಣಿ ನಿಂತೈತಮ್ಮ, ಮಾಡಿಸಿಕೊಡ್ತೀಯಾ?" ಅಂತ ಒಬ್ಬ ಅಜ್ಜಿ. ಅದು ತಹಶೀಲ್ದಾರರ ಕಚೇರಿಯದು ಅಂದೆ. ಅಜ್ಜಿ ಬಾಗಿಲು ಹಾಕಿಕೊಂಡಳು.

ಓದಿದವರು ಒಬ್ಬರೇ, ನಿವೃತ್ತ ನೀರುಗಂಟಿ. ಕನ್ನಡಕ ಹಾಕಿಕೊಂಡು ಮೊದಲ ಸಾಲಿಗೇ ಬೆರಳಿಟ್ಟರು. "ಟೀಚರಮ್ಮ, ಊರಿಗೆ ನೀರು ಬರೋದು ಶಾಂತಿಸಾಗರದಿಂದ, ವಾಣಿವಿಲಾಸ ಸಾಗರದಿಂದ. ಅಲ್ಲೇ ಇಲ್ದಿದ್ರೆ ನೀವೇನು ಕೊಡದಲ್ಲಿ ತರ್ತೀರಾ?" ಎರಡನೆಯದು ಹೆದ್ದಾರಿ ದಾಟಲು ಸೇತುವೆ. ಅದು ಕೇಂದ್ರದ್ದು. ಮೂರನೆಯದು ರೇಷನ್ ಕಾರ್ಡ್. ಅದು ಆಹಾರ ಇಲಾಖೆಯದು. ನಾಲ್ಕನೆಯದೂ ಹೋಯಿತು. ಉಳಿದದ್ದು ಬೀದಿದೀಪ, ಖಾತೆ, ಹೂಳು. ಮಕ್ಕಳ ಉತ್ತರಪತ್ರಿಕೆಗೆ ಕೆಂಪು ಗೀಟು ಎಳೆದವಳ ಹಾಳೆಗೆ ಅವರು ಜಗಲಿಯಲ್ಲಿ ಕೂತು ಗೀಟು ಎಳೆದರು.

ಮರುದಿನದಿಂದ ಆ ಮೂರನ್ನೇ ಹೇಳತೊಡಗಿದೆ. ಜೊತೆಗಿದ್ದ ಹುಡುಗರಿಗೆ ಸಿಟ್ಟು. "ಅಕ್ಕ, ಹೂಳಿಗೆ ಯಾರು ಓಟು ಹಾಕ್ತಾರೆ?" ಅವರ ಲೆಕ್ಕವೇ ಸರಿಯಿತ್ತು. ಠೇವಣಿಯೂ ವಾಪಸ್ ಬರಲಿಲ್ಲ. ಬೇಸರ ಆಗಲಿಲ್ಲ ಅಂದರೆ ಸುಳ್ಳು. ನನ್ನ ಹಳೇ ವಿದ್ಯಾರ್ಥಿಗಳಷ್ಟೇ ಓಟು ಹಾಕಿದ್ದರೂ ಗೆಲ್ಲುತ್ತಿದ್ದೆ.

ಗೆದ್ದಾಕೆಯ ಪಾಡು ಇನ್ನೊಂದು ಥರ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಹೈಕೋರ್ಟ್ ಮೆಟ್ಟಿಲೇರಿ, ರಾಜ್ಯದ ಎಷ್ಟೋ ನಗರಸಭೆ, ಪುರಸಭೆಗಳಲ್ಲಿ ಗೆದ್ದವರು ಎರಡು ವರ್ಷ ಬರೀ ಹೆಸರಿಗೆ ಸದಸ್ಯರು. ಅಧಿಕಾರವೆಲ್ಲ ಆಡಳಿತಾಧಿಕಾರಿಯ ಕೈಲಿ. ಅಧ್ಯಕ್ಷರ ಆಯ್ಕೆಯಾಗುವಾಗ 2020 ಮುಗಿಯುತ್ತ ಬಂದಿತ್ತು. ಅಷ್ಟು ದಿನ ಆಕೆ ದಾರಿಯಲ್ಲಿ ಸಿಕ್ಕಾಗಲೆಲ್ಲ, "ನೀವು ಸೋತಿದ್ದೇ ಒಳ್ಳೇದಾಯ್ತು ಕಣ್ರೀ, ನನಗೆ ದಿನಾ ಬೈಗುಳ" ಅನ್ನುತ್ತಿದ್ದಳು. ಬೀದಿದೀಪದ ಅರ್ಜಿಗಳನ್ನು ಇಬ್ಬರೂ ಕೂತು ಬರೆದದ್ದುಂಟು. ಅರ್ಜಿ ಬರೆಯಲು ಸದಸ್ಯತ್ವ ಬೇಕಿಲ್ಲವೆಂಬುದು ನನಗೆ ಹೊಳೆದದ್ದೇ ಸೋತ ಮೇಲೆ.

2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು, 1933ರ ನಂತರ ಅದೇ ಮೊದಲು. ನನ್ನ ಮೊದಲ ಭರವಸೆಯನ್ನು ಮಳೆರಾಯ ತನ್ನ ಲೆಕ್ಕಕ್ಕೆ ಬರೆದುಕೊಂಡ. ಗೆದ್ದಾಕೆ, ಸೋತ ನಾನು, ನೀರುಗಂಟಿ ಅಜ್ಜ ಮೂವರೂ ಒಂದೇ ಟೆಂಪೊದಲ್ಲಿ ಹೋಗಿ ನೋಡಿಕೊಂಡು ಬಂದೆವು.