ಜಾಗವೋ, ಎಫ್‌ಡಿಯೋ? ಒಂದು ಲೆಕ್ಕ

ನಮ್ಮ ಕರಾವಳಿಗೆ ಬ್ಯಾಂಕುಗಳ ತೊಟ್ಟಿಲು ಎಂಬ ಹೆಸರಿದೆ. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಉಡುಪಿಯಲ್ಲಿ ಆರಂಭಿಸಿದ ಸಂಸ್ಥೆಯೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಯೋಜನೆ 1928ರಲ್ಲಿ ದಿನಕ್ಕೆ ಎರಡಾಣೆ ಉಳಿಸುವುದನ್ನೂ ಜನರಿಗೆ ಕಲಿಸಿತು. ಆದರೂ ಗಲ್ಫ್‌ನಲ್ಲಿ ದುಡಿದ ಹಣ ಊರಿಗೆ ಬಂದಾಗ ಮನೆಯಲ್ಲಿ ಮೊದಲು ಬರುವ ಮಾತು ಜಾಗದ್ದೇ. "ಜಮೀನ್ ಕಹೀಂ ಭಾಗ್ ನಹೀಂ ಜಾತಿ" ಎನ್ನುತ್ತಾರೆ ನಮ್ಮ ಮನೆಯ ಹಿರಿಯರು. ಜಮೀನು ಓಡಿಹೋಗುವುದಿಲ್ಲ ಎಂಬುದು ಸರಿ. ಆದರೆ ಲಾಭ ಎಷ್ಟು?

ಮಣಿಪಾಲದಲ್ಲಿ 50 ಲಕ್ಷದ ಒಂದು ಫ್ಲ್ಯಾಟ್ ಎಂದು ಊಹಿಸಿಕೊಳ್ಳೋಣ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2. ಎಲ್ಲ ಸೇರಿ ಸುಮಾರು 3.8 ಲಕ್ಷ. ಅಂದರೆ ನಮ್ಮ ನಿಜವಾದ ಹೂಡಿಕೆ 53.8 ಲಕ್ಷ. ತುಂಬಾ ಜನ ಈ ಮೊತ್ತವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಬಾಡಿಗೆ ತಿಂಗಳಿಗೆ 16,000 ಎನ್ನೋಣ. ವಿದ್ಯಾರ್ಥಿಗಳು ಬಿಟ್ಟುಹೋಗಿ ಹೊಸಬರು ಬರುವ ನಡುವೆ ಒಂದು ತಿಂಗಳು ಖಾಲಿ, ಹಾಗಾಗಿ ವರ್ಷಕ್ಕೆ 1.76 ಲಕ್ಷ. ನಿರ್ವಹಣೆ, ಕಟ್ಟಡ ತೆರಿಗೆ, ಬಣ್ಣ, ಪ್ಲಂಬರ್ ಎಂದು 36,000 ಕಳೆದರೆ ಉಳಿಯುವುದು 1.4 ಲಕ್ಷ, ಅಂದರೆ ಶೇ. 2.6. ಅದೇ 53.8 ಲಕ್ಷವನ್ನು ಶೇ. 6.5ರ ಎಫ್‌ಡಿಯಲ್ಲಿ ಇಟ್ಟರೆ ವರ್ಷಕ್ಕೆ 3.5 ಲಕ್ಷ ಬರುತ್ತದೆ.

ಬೆಲೆ ಏರುತ್ತದಲ್ಲ ಎಂದು ನೀವು ಕೇಳಬಹುದು. ಅದನ್ನೂ ನೋಡೋಣ. ಚಕ್ರಬಡ್ಡಿಯಲ್ಲಿ ಎಫ್‌ಡಿ 10 ವರ್ಷಕ್ಕೆ ಸುಮಾರು 101 ಲಕ್ಷ ಆಗುತ್ತದೆ. ಬಾಡಿಗೆಯನ್ನೂ ಪ್ರತಿ ವರ್ಷ ಅದೇ ದರದಲ್ಲಿ ಇಟ್ಟರೆ ಸುಮಾರು 19 ಲಕ್ಷ. ಹಾಗಾದರೆ ಫ್ಲ್ಯಾಟ್ 82 ಲಕ್ಷಕ್ಕೆ ಮಾರಾಟವಾದರೆ ಮಾತ್ರ ಎರಡೂ ಸಮ. ಅಂದರೆ ಬೆಲೆ ವರ್ಷಕ್ಕೆ ಶೇ. 5ರಂತೆ ಏರಲೇಬೇಕು. (ತೆರಿಗೆ ಎರಡಕ್ಕೂ ಇದೆ, ಇಲ್ಲಿ ಸೇರಿಸಿಲ್ಲ.) ಅಕೌಂಟೆನ್ಸಿಯಲ್ಲಿ ನಾವು ಕಟ್ಟಡಕ್ಕೆ ಸವಕಳಿ ಬರೆಯುತ್ತೇವೆ, ಜಮೀನಿಗೆ ಬರೆಯುವುದಿಲ್ಲ. ನಮ್ಮ ಮಳೆಗೆ ಹತ್ತು ವರ್ಷ ಮೈಯೊಡ್ಡಿದ ಫ್ಲ್ಯಾಟನ್ನು ಕೊಳ್ಳುವವರು ಹೊಸದರ ಬೆಲೆ ಕೊಡುತ್ತಾರೆಯೇ? 2020ರ ಲಾಕ್‌ಡೌನ್‌ನಲ್ಲಿ ವಿದ್ಯಾರ್ಥಿಗಳೆಲ್ಲ ಊರಿಗೆ ಹೋದರು ಎಂಬುದನ್ನೂ ಮರೆಯಬಾರದು.

ಇನ್ನೊಂದು ವಿಷಯ ದ್ರವ್ಯತೆ. ಎಫ್‌ಡಿಯನ್ನು ಸ್ವಲ್ಪ ಬಡ್ಡಿ ಬಿಟ್ಟುಕೊಟ್ಟು ಅವಧಿಗೆ ಮೊದಲೇ ಮುರಿಯಬಹುದು. ಅಪ್ಪನ ವೀಸಾ ಮುಗಿದು ಅಕ್ಕನ ಫೀಸು ಕಟ್ಟುವ ದಿನ ಬಂದರೆ ಐದು ಸೆಂಟ್ಸ್ ಜಾಗದಿಂದ ಅರ್ಧ ಸೆಂಟ್ಸ್ ಕಿತ್ತು ಮಾರಲಾಗದು. ಹಾಗೆಂದು ಬ್ಯಾಂಕಿನಲ್ಲಿ ಭಯವೇ ಇಲ್ಲ ಎಂದಲ್ಲ: ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಮಾತ್ರ.

ನಮ್ಮಲ್ಲಿ ಹಲವು ಮನೆಗಳು ಬಡ್ಡಿ ಮುಟ್ಟುವುದಿಲ್ಲ. ಅವರಿಗೆ ಮೇಲಿನ 3.5 ಲಕ್ಷದ ಜಾಗದಲ್ಲಿ ಸೊನ್ನೆ ಬರೆಯಬೇಕು. ಆಗ ಶೇ. 2.6 ಬಾಡಿಗೆಯೇ ದೊಡ್ಡದು, ಸುಮ್ಮನೆ ಇಟ್ಟ ಹಣದ ಬೆಲೆಯಂತೂ ಹಣದುಬ್ಬರದಲ್ಲಿ ಕರಗುತ್ತದೆ. ಅವರು ಜಾಗ ಕೊಳ್ಳುವುದು ನನಗೆ ಸರಿಯೆಂದೇ ತೋರುತ್ತದೆ. ಆದರೆ ಒಂದು ವರ್ಷದ ಮನೆಖರ್ಚು, ಫೀಸು ಬದಿಗಿಟ್ಟ ಮೇಲೆ. ಬೇರೆ ದಾರಿಯಿಲ್ಲ ಎಂಬ ಅವಸರದಲ್ಲೇ ಮೋಸ ಹೋಗುವುದು.

ಕಾರ್ಕಳದ ಕಡೆ ಜಾಗ ನೋಡುವಾಗ ಕುಮ್ಕಿಯನ್ನೂ ಸೇರಿಸಿ "ಇಷ್ಟು ಎಕರೆ" ಎಂದು ತೋರಿಸಿದರೆ ಎಚ್ಚರ. ಕುಮ್ಕಿ ಸರಕಾರದ ಜಾಗ, ವರ್ಗದಾರರಿಗೆ ಇರುವುದು ಸೊಪ್ಪು, ಕಟ್ಟಿಗೆಯಂಥ ಸವಲತ್ತು ಮಾತ್ರ. ಕಾಪುವಿನಲ್ಲಿ ಕಡಲ ಬದಿಯಾದರೆ ಸಿಆರ್‌ಝಡ್ ನಿಯಮ ಕೇಳಬೇಕು. ಪಹಣಿ, ಋಣಭಾರ ಪತ್ರ, ಸರ್ವೆ ನಕ್ಷೆ ಇವಿಷ್ಟನ್ನು ಮುಂಗಡ ಕೊಡುವ ಮೊದಲೇ ವಕೀಲರಿಗೆ ತೋರಿಸಿ.