ಪಿಯಾನೋ ವಾದನದಲ್ಲಿ ದೂರದ ನೆಗೆತಗಳ ಅಭ್ಯಾಸ



ಸ್ವರಶ್ರೇಣಿಗಳನ್ನು ಸರಾಗವಾಗಿ ನುಡಿಸುವ ಬಾಲಿಕೆಯರು ಸಹ ಒಂದು ಸ್ಥಳದಲ್ಲಿ ತಡವರಿಸುವದುಂಟು. ಕೈಯು ಒಂದು ಕೀಲಿಯನ್ನು ಬಿಟ್ಟು ಬಹುದೂರದ ಇನ್ನೊಂದಕ್ಕೆ ಒಮ್ಮೆಲೇ ನೆಗೆಯಬೇಕಾದ ಸ್ಥಳವೇ ಅದು. ನಾನು ವಿದ್ಯಾರ್ಥಿನಿಯಾಗಿದ್ದಾಗ ಒಂದು ಸಭೆಯಲ್ಲಿ, ೧೮೪೭ರಲ್ಲಿ ಪ್ರಕಟವಾದ ಶೊಪಾನನ ಸಿ ಶಾರ್ಪ್ ಮೈನರ್ ವಾಲ್ಟ್ಸನ್ನು ನುಡಿಸುತ್ತಾ ಎಡಗೈಯ ನೆಗೆತದಲ್ಲಿ ಮೂರು ಸಾರಿ ತಪ್ಪಿ, ಅರ್ಧಕ್ಕೇ ಎದ್ದುಬಂದೆನು. ಆ ಮೇಲೆ ಒಂದು ವರುಷ ಪಿಯಾನೋದ ಮುಚ್ಚಳವನ್ನೇ ತೆರೆಯಲಿಲ್ಲ. ನನಗೆ ಕೊರತೆಯಾಗಿದ್ದದ್ದು ಅಭ್ಯಾಸವಲ್ಲ, ಅಭ್ಯಾಸದ ಕ್ರಮ ಎಂಬದು ತಡವಾಗಿ ತಿಳಿಯಿತು. ಆ ಕ್ರಮವನ್ನೇ ಇಲ್ಲಿ ಬರೆಯುತ್ತೇನೆ.

ವಾಲ್ಟ್ಸಿನಲ್ಲಿ ಪ್ರತಿ ಆವರ್ತಕ್ಕೆ ಮೂರು ಎಣಿಕೆಗಳು. ಸಾಮಾನ್ಯವಾಗಿ ಎಡಗೈಯು ಮೊದಲನೆಯದರಲ್ಲಿ ಮಂದ್ರಸ್ವರವನ್ನೂ, ಉಳಿದೆರಡರಲ್ಲಿ ಮೇಲಣ ಸ್ವರಗುಚ್ಛವನ್ನೂ ನುಡಿಸುವದು. ಒಂದು ಆಕ್ಟೇವಿನ ಅಗಲವು ಸುಮಾರು ಆರೂವರೆ ಅಂಗುಲ. ನೆಗೆತವು ಅನೇಕ ಕಡೆ ಅದನ್ನೂ ಮೀರುವದು. ಬೆರಳನ್ನು ಚಾಚಿ ಅಷ್ಟು ದೂರ ಮುಟ್ಟಲೆತ್ನಿಸಿದರೆ ಕೈ ಬಿಗಿಯುವದು. ಆದದರಿಂದ ಸ್ವರವನ್ನು ಬಿಟ್ಟ ಕೂಡಲೇ ಬೆರಳುಗಳು ಸಹಜ ಸ್ಥಿತಿಗೆ ಬರಲಿ. ಕೈಯನ್ನು ತೋಳೇ ಒಯ್ಯಲಿ. ಅದು ಕೀಲಿಗಳಿಗೆ ಸಮೀಪವಾಗಿ, ತಗ್ಗಾದ ಕಮಾನಿನಂತೆ ಸಾಗತಕ್ಕದ್ದು.

ಮೊದಲನೆಯ ಪಾಠವೇನಂದರೆ, ಕಣ್ಣು ಕೈಗಿಂತ ಮುಂಚೆ ಹೋಗಬೇಕು. ಬಿಡುವ ಕೀಲಿಯನ್ನಲ್ಲ, ಸೇರಬೇಕಾದ ಕೀಲಿಯನ್ನು ನೋಡಿರಿ. ಎರಡೆರಡಾಗಿಯೂ ಮೂರುಮೂರಾಗಿಯೂ ನಿಂತಿರುವ ಕಪ್ಪು ಕೀಲಿಗಳೇ ದಾರಿಯ ಗುರುತುಗಳು. ಎರಡು ಕೈಗಳೂ ಏಕಕಾಲದಲ್ಲಿ ನೆಗೆಯುವಲ್ಲಿ ಹೆಚ್ಚು ದೂರ ಹೋಗುವ ಕೈಯ ಕಡೆಗೆ ದೃಷ್ಟಿಯಿರಲಿ.

ಎರಡನೆಯದು ಮೌನದ ಅಭ್ಯಾಸ. ಮಂದ್ರಸ್ವರವನ್ನು ನುಡಿಸಿ, ಕೈಯನ್ನು ಶೀಘ್ರವಾಗಿ ಸ್ವರಗುಚ್ಛಕ್ಕೆ ಒಯ್ದು, ಬೆರಳುಗಳನ್ನು ಕೀಲಿಗಳ ಮೇಲೆ ಸುಮ್ಮನೆ ಇರಿಸಿರಿ; ಒತ್ತಬೇಡಿರಿ. ಸ್ಥಾನವು ಸರಿಯೆಂದು ಕಂಡ ಮೇಲೆಯೇ ಒತ್ತಿರಿ. ಇಲ್ಲಿ ಲಯವು ನಿಧಾನ, ಚಲನೆ ಮಾತ್ರ ಶೀಘ್ರ. ಕೈಯನ್ನೂ ನಿಧಾನವಾಗಿ ಸಾಗಿಸಿ ಕಲಿತವಳಿಗೆ ಮುಂದೆ ವೇಗ ಬೇಕಾದಾಗ ಅದು ದೊರೆಯದು. ನಾನು ತಪ್ಪಿದ್ದು ಇಲ್ಲಿಯೇ.

ಮೂರನೆಯದಾಗಿ, ಮಂದ್ರಸ್ವರವನ್ನು ಬೆರಳಿನಿಂದ ಹಿಡಿದುಕೊಂಡೇ ಇರಬೇಕೆಂಬ ಭಯ ಬೇಡ. ಬಲಗಾಲಿನ ಪೆಡಲು ತಂತಿಗಳ ಮೇಲಣ ಮೆತ್ತೆಗಳನ್ನು ಎತ್ತಿ ಹಿಡಿಯುವದರಿಂದ, ಬೆರಳು ಬಿಟ್ಟ ಮೇಲೆಯೂ ನಾದವು ಉಳಿಯುವದು. ಹೀಗೆ ಕೈಗೆ ಪ್ರಯಾಣದ ಅವಕಾಶ ಸಿಕ್ಕುವದು.

ನಾಲ್ಕನೆಯದಾಗಿ, ಗುರಿಗಿಂತ ಒಂದು ಆಕ್ಟೇವ್ ಆಚೆಗೆ ಕೆಲವು ಸಾರಿ ನೆಗೆದು ನೋಡಿರಿ. ಆ ಬಳಿಕ ನಿಜವಾದ ದೂರವು ಸಮೀಪವಾಗಿ ತೋರುವದು.

ಈ ಕಲೆಯು ಎಷ್ಟು ಎತ್ತರಕ್ಕೆ ಹೋಗಬಲ್ಲದೆಂಬದಕ್ಕೆ ಲಿಸ್ಟನ ‘ಲಾ ಕಾಂಪನೆಲ್ಲಾ’ ಸಾಕ್ಷಿ. ಪಗನೀನಿಯ ಪಿಟೀಲಿನ ಕೃತಿಯಿಂದ ಹುಟ್ಟಿ ೧೮೫೧ರಲ್ಲಿ ಈಗಿನ ರೂಪವನ್ನು ಹೊಂದಿದ ಇದರ ಹೆಸರಿಗೆ ಚಿಕ್ಕ ಘಂಟೆಯೆಂದು ಅರ್ಥ. ಬಲಗೈಯು ರಾಗದ ಸ್ವರಗಳಿಂದ, ಘಂಟೆಯಂತೆ ಮತ್ತೆ ಮತ್ತೆ ನುಡಿಯುವ ಮೇಲಣ ಒಂದೇ ಸ್ವರಕ್ಕೆ ಹಾರುತ್ತಿರುವದು. ಕೆಲವೆಡೆ ಆ ದೂರವು ಎರಡು ಆಕ್ಟೇವ್. ಮೇಲಣ ಗುರಿಯು ಸ್ಥಿರವಾಗಿರುವದರಿಂದ ತೋಳು ಅದನ್ನು ಕಲಿತುಕೊಳ್ಳುವದು. ನಿಮ್ಮ ಪಾಠದಲ್ಲಿಯೂ ಸ್ಥಿರವಾದದ್ದು ಯಾವದೆಂದು ಮೊದಲು ಹುಡುಕಿರಿ.

ಮಾತಾಪಿತೃಗಳಿಗೆ ಒಂದು ವಿಜ್ಞಾಪನೆ. ಮಗಳು ತಪ್ಪು ಸ್ವರವನ್ನೊತ್ತಿದಾಗ ಗದರಿಸಬೇಡಿರಿ. ಕೈಯು ಗುರಿಯ ಈಚೆಗೆ ಬಿದ್ದಿತೋ ಆಚೆಗೆ ಬಿದ್ದಿತೋ ಎಂದು ಕೇಳಿರಿ. ಈ ಪ್ರಶ್ನೆಗೆ ಉತ್ತರ ಕೊಡಬಲ್ಲವಳು ಮುಂದಿನ ಸಾರಿ ತಿದ್ದಿಕೊಳ್ಳುವಳು; ಬರೇ ಹೆದರಿದವಳು ಅದೇ ಸ್ಥಳದಲ್ಲಿ ತಿರಿಗಿ ತಪ್ಪುವಳು. ದಿನಕ್ಕೆ ಹತ್ತು ನಿಮಿಷ ಈ ಕ್ರಮದಲ್ಲಿ ನಡೆದರೆ ಸಾಕು. ಮುಚ್ಚಳವನ್ನು ಮುಚ್ಚಿ ಕೂತಿರುವ ಹಳೆಯ ವಿದ್ಯಾರ್ಥಿನಿಯರಿಗೂ ಇದೇ ನನ್ನ ಮಾತು. ಆ ವಾಲ್ಟ್ಸನ್ನು ನಾನು ಈಗ ಕಡೇ ವರೆಗೂ ನುಡಿಸುತ್ತೇನೆ.